ಗಾಳಿಗೆ ಮರೆಯಾದ ಮರಳು: ಅಮ್ಮನ ಜೊತೆ ನಾಕ್ಸೋಸ್‌ನಲ್ಲಿ ಒಂದು ವಾರ

ಅಮ್ಮನ ತವರು ಮರವಂತೆಯ ಪಕ್ಕ. ಒಂದು ಬದಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಮಳೆಗಾಲದ ರಾತ್ರಿ ಜಗಲಿಯಲ್ಲಿ ಮಲಗಿದರೆ ತೆರೆ ಹೊಡೆಯುವ ಸದ್ದು ಎದೆಯೊಳಗೇ ಕೇಳಿದಂತಾಗುತ್ತದೆ. ಹಾಗೆ ಕಡಲ ಬುಡದಲ್ಲೇ ಬೆಳೆದ ಅಮ್ಮ, ವರ್ಷ 68 ಆದರೂ, ನೀರಿಗೆ ಮೊಣಕಾಲಿನಿಂದಾಚೆ ಇಳಿದವಳಲ್ಲ. ಅವಳು ಚಿಕ್ಕವಳಿದ್ದಾಗ ನೆರೆಮನೆಯ ದೋಣಿಯೊಂದು ಹೋದದ್ದು ಮರಳಿ ಬರಲಿಲ್ಲವಂತೆ. ಆಮೇಲೆ ಮನೆಯಲ್ಲಿ ಒಂದೇ ಮಾತು: "ಕಡ್ಲಿಗ್ ಬೆನ್ ಹಾಕುಕಾಗ." ನಮ್ಮನ್ನು ಕಡಲಂಚಿಗೆ ಕರೆದೊಯ್ದ ದಿನಗಳಲ್ಲೂ ಅಮ್ಮ ನೀರಿಗೆ ಮುಖ ಮಾಡಿಯೇ ನಿಂತಿರುತ್ತಿದ್ದಳು. ಹೊರಡುವಾಗಲೂ ಹಿಂದೆ ಹಿಂದೆ ಹೆಜ್ಜೆ ಇಟ್ಟು ರಸ್ತೆ ಸೇರುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅಮ್ಮ ಮೂರು ತಿಂಗಳಿಗೆಂದು ಮ್ಯೂನಿಕ್‌ಗೆ ನಮ್ಮ ಮನೆಗೆ ಬಂದಳು. ಮಕ್ಕಳದು ಒಂದೇ ಹಟ, ಸಮುದ್ರಕ್ಕೆ ಹೋಗೋಣ. ಮಗಳಿಗೆ ಎಂಟು, ಪುಟ್ಟನಿಗೆ ಮೂರು. ಬೇರೆ ಬೇರೆ ಕಾರಣಕ್ಕೆ ನೀರಿನ ಭಯ ಇರುವ ಇಬ್ಬರು, ಭಯವೇ ಇಲ್ಲದ ಒಬ್ಬಳು. ಈ ಮೂವರಿಗೂ ಒಗ್ಗುವ ಕಡಲು ಎಲ್ಲಿ ಸಿಕ್ಕೀತು ಎಂದು ತಿಂಗಳುಗಟ್ಟಲೆ ನಕ್ಷೆ ನೋಡಿದೆ. ಕೊನೆಗೆ ಕಣ್ಣು ನಿಂತದ್ದು ಗ್ರೀಸ್‌ನ ನಾಕ್ಸೋಸ್ ದ್ವೀಪದ ಮೇಲೆ.

ಹೊರಡುವ ಮೊದಲು

ಗ್ರೀಸ್ ಎಂದರೆ ಎಲ್ಲರ ಕಣ್ಣಿಗೂ ಮೊದಲು ಬರುವುದು ಸ್ಯಾಂಟೊರಿನಿ. ಅದನ್ನು ಮೊದಲ ದಿನವೇ ಬಿಟ್ಟೆ. ಜ್ವಾಲಾಮುಖಿಯ ಅಂಚಿನ ಊರು, ಲೆಕ್ಕವಿಲ್ಲದ ಮೆಟ್ಟಿಲು, ಬಿಸಿಲಿಗೆ ಕಾದು ಕೆಂಡವಾಗುವ ಕಪ್ಪು ಮರಳು. ಮಂಡಿನೋವಿನ ಅಮ್ಮನಿಗೂ ಮೂರು ವರ್ಷದ ಮಗುವಿಗೂ ಅದು ಜಾಗವಲ್ಲ.

ನಿಜವಾದ ಪ್ರಶ್ನೆ ಗಾಳಿಯದು. ಏಜಿಯನ್ ಕಡಲಿನ ಸಿಕ್ಲಡೀಸ್ ದ್ವೀಪಗಳಲ್ಲಿ ಜುಲೈ, ಆಗಸ್ಟ್ ಎಂದರೆ ಮೆಲ್ಟೆಮಿ. ಉತ್ತರದಿಂದ ನುಗ್ಗುವ ಒಣಗಾಳಿ. ಮೋಡವಿಲ್ಲ, ಮಳೆಯಿಲ್ಲ, ನೀಲಿ ಆಕಾಶದ ಕೆಳಗೆ ದಿನಗಟ್ಟಲೆ ಬೀಸುತ್ತಲೇ ಇರುತ್ತದೆ. ಪ್ರಾಚೀನ ಗ್ರೀಕರು ಇದನ್ನು ಎಟೇಸಿಯನ್ ಅಂದರೆ 'ವರ್ಷವರ್ಷ ಬರುವ ಗಾಳಿ' ಎಂದು ಕರೆದರು. ಬಾಲ್ಕನ್ ಕಡೆ ವಾಯುಭಾರ ಹೆಚ್ಚು, ಟರ್ಕಿಯ ಮೇಲೆ ಕಡಿಮೆ, ನಡುವಿನ ಓಣಿಯಲ್ಲಿ ಗಾಳಿ ಹರಿಯುತ್ತದೆ. ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಟರ್ಕಿಯ ಮೇಲಿನ ಆ ಕಡಿಮೆ ಒತ್ತಡ ದಕ್ಷಿಣ ಏಷ್ಯಾದ ಮುಂಗಾರಿನ ಒತ್ತಡದ ತಗ್ಗು ಪಶ್ಚಿಮಕ್ಕೆ ಚಾಚಿಕೊಂಡ ಬಾಲ. ಮರವಂತೆಯಲ್ಲಿ ಕಡಲ್ಕೊರೆತ ಎಬ್ಬಿಸುವ ಮಳೆಗಾಲಕ್ಕೂ ನಾಕ್ಸೋಸ್‌ನ ಮರಳನ್ನು ಹಾರಿಸುವ ಗಾಳಿಗೂ ನಂಟಿದೆ! ಅಮ್ಮನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಗಾಳಿಗೆ ಬೇಲಿ ಇತ್ತಾ?" ಎಂದಳು.

ಹಾಗಾಗಿ ಹುಡುಕಿದ್ದು ಚೆಂದದ ಕಡಲತೀರವನ್ನಲ್ಲ, ಉತ್ತರದ ಗಾಳಿಗೆ ಮರೆಯಿರುವ, ಸಣ್ಣ ಮರಳಿನ, ದೂರದವರೆಗೆ ಆಳವಾಗದ ಕೊಲ್ಲಿಯನ್ನು. ಸಿಕ್ಲಡೀಸ್‌ನಲ್ಲೇ ದೊಡ್ಡ ದ್ವೀಪ ನಾಕ್ಸೋಸ್, ಸುಮಾರು 430 ಚದರ ಕಿಲೋಮೀಟರ್. ಅದರ ಒಳ್ಳೆಯ ಮರಳೆಲ್ಲ ಪಶ್ಚಿಮ ಮತ್ತು ನೈಋತ್ಯ ಅಂಚಿನಲ್ಲಿದೆ. ಮುಖ್ಯ ಊರು ಹೋರಾಕ್ಕೆ ತಾಗಿಕೊಂಡೇ, ಬಂದರಿನಿಂದ ಕಾಲು ಗಂಟೆ ನಡೆದರೆ ಆಗ್ಯೋಸ್ ಯೋರ್ಗಿಯೋಸ್ ಕೊಲ್ಲಿ. ಊರಿನ ಬದಿಯ ತುದಿಯಲ್ಲಿ ನೀರು ಶಾಂತ. ದಕ್ಷಿಣದ ತುದಿಗೆ ಹೋದಂತೆ ಗಾಳಿ ಹೆಚ್ಚು, ಅಲ್ಲಿ ವಿಂಡ್‌ಸರ್ಫಿಂಗ್‌ನವರು. ಇನ್ನೂ ಕೆಳಗಿನ ಆಗ್ಯೋಸ್ ಪ್ರೊಕೋಪಿಯೋಸ್ ಹೆಚ್ಚು ಹೆಸರುವಾಸಿ, ನೀರೂ ಶಾಂತ. ಆದರೆ ಮರಳು ದಪ್ಪ, ನೀರು ಬೇಗ ಆಳವಾಗುತ್ತದೆ. ಸಣ್ಣ ಮಕ್ಕಳಿದ್ದರೆ ನಾನು ಯೋರ್ಗಿಯೋಸ್ ಅನ್ನೇ ಹೇಳುತ್ತೇನೆ.

ಇನ್ನೆರಡು ತೀರ್ಮಾನಗಳೂ ಗಾಳಿಯಿಂದಲೇ ಬಂದವು. ಒಂದು, ವೇಗದ ಸಣ್ಣ ಹಡಗು ಬೇಡ, ಕಾರು ಲಾರಿ ಹೊರುವ ದೊಡ್ಡ ಹಡಗೇ ಇರಲಿ. ಹೊತ್ತು ಹೆಚ್ಚು ಹಿಡಿದರೂ ಅಲುಗಾಟ ಕಡಿಮೆ, ಗಾಳಿ ಎದ್ದಾಗ ಮೊದಲು ನಿಲ್ಲುವುದೂ ಸಣ್ಣವೇ. ಎರಡು, ವಿಮಾನಕ್ಕೆ ಒಂದು ದಿನ ಮೊದಲೇ ಅಥೆನ್ಸ್‌ಗೆ ಮರಳಬೇಕು. ಆಗಸ್ಟ್ 15 ಕನ್ಯೆ ಮೇರಿಯ ದೊಡ್ಡ ಹಬ್ಬ. ಅದಕ್ಕೆ ಮುಂಚಿನ ದಿನಗಳಲ್ಲಿ ಇಡೀ ಅಥೆನ್ಸ್ ದ್ವೀಪಗಳ ಕಡೆ ಹೊರಟಿರುತ್ತದೆ. ನಾವು 17ಕ್ಕೆ ಹೊರಡುವುದೆಂದು ಬರೆದುಕೊಂಡೆವು. ಅಮ್ಮನಿಗೆ ಜರ್ಮನಿಯ ಶೆಂಗೆನ್ ವೀಸಾ ಇತ್ತು, ಗ್ರೀಸ್‌ಗೂ ಅದೇ ಸಾಕು. ಊರಿನಿಂದ ಪೋಷಕರನ್ನು ಕರೆಸುವವರಿಗೆ ಗೊತ್ತಿರಲಿ: ದೊಡ್ಡವರಿಗೆ ವೀಸಾ ಶುಲ್ಕ 2024ರಿಂದ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು.

ಮೊದಲ ದಿನ, ಆಗಸ್ಟ್ 17

ಬೆಳಿಗ್ಗೆ ಏಳುವಾಗ ಅಮ್ಮ ಮ್ಯೂನಿಕ್‌ನ ನಮ್ಮ ಫ್ಲಾಟಿನ ಬಾಗಿಲಲ್ಲಿ ಕೂತಿದ್ದಳು. ನಮ್ಮ ಕರಾವಳಿಯ ಲೆಕ್ಕದಲ್ಲಿ ಆಟಿ ಮುಗಿದು ಸೋಣೆ ತಿಂಗಳು ಹಿಡಿದಿತ್ತು. ಕುಂದಾಪುರದ ಕಡೆ ಸೋಣೆ ತಿಂಗಳಿಡೀ ಹೊಸ್ತಿಲ ಪೂಜೆ. ಬಿಳಿ ಶೇಡಿಮಣ್ಣು ಇಲ್ಲದ್ದಕ್ಕೆ ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆದು ಎರಡು ಹೂವಿಟ್ಟಿದ್ದಳು. "ಅಲ್ ಹೋದ್ ಮೇಲೂ ಒಂದ್ ಹೊಸ್ತಿಲ್ ಇರತ್ತಲೆ?" ಎಂದು ಕೇಳಿದಳು. ಇರುತ್ತದೆ ಎಂದೆ.

ಅಥೆನ್ಸ್‌ಗೆ ಎರಡೂವರೆ ಗಂಟೆಯ ವಿಮಾನ. ವಿಮಾನ ನಿಲ್ದಾಣದಿಂದ ಮೆಟ್ರೋದ 3ನೆಯ ಮಾರ್ಗ 2022ರಿಂದ ನೇರವಾಗಿ ಪಿರೇಯಸ್ ಬಂದರಿನವರೆಗೆ ಹೋಗುತ್ತದೆ, ಎಲ್ಲೂ ಬದಲಿಸಬೇಕಿಲ್ಲ. ರಾತ್ರಿ ಬಂದರಿನ ಹತ್ತಿರವೇ ತಂಗಿದೆವು.

ಎರಡನೆಯ ದಿನ

ಹಡಗು ಏಳೂವರೆಯ ಸುಮಾರಿಗೆ ಹೊರಟಿತು. ಲಾರಿಗಳು ನುಗ್ಗುವ ಬಾಯಿಯಿಂದಲೇ ಜನರೂ ಒಳಗೆ ಹೋಗಬೇಕು. ಪುಟ್ಟನಿಗೆ ಅದೇ ದೊಡ್ಡ ಸಂಭ್ರಮ. ಐದು ಗಂಟೆಗೂ ಮೀರಿದ ದಾರಿ. ಮೇಲಿನ ಅಟ್ಟದಲ್ಲಿ ಕೂತು ಅಮ್ಮ ಅವಲಕ್ಕಿ ಡಬ್ಬಿ ತೆಗೆದಳು.

ಪಾರೋಸ್‌ನಲ್ಲಿ ಹಡಗು ಸ್ವಲ್ಪ ಹೊತ್ತು ನಿಂತಿತು. 2023ರ ಬೇಸಿಗೆಯಲ್ಲಿ ಈ ದ್ವೀಪದವರು ಕಡಲತೀರಗಳನ್ನೆಲ್ಲ ಬಾಡಿಗೆ ಮಂಚ ಮತ್ತು ಕೊಡೆಗಳು ನುಂಗುತ್ತಿವೆ ಎಂದು ಬೀದಿಗಿಳಿದರು. 'ಟವೆಲ್ ಚಳವಳಿ' ಎಂದು ಅದು ಹೆಸರಾಯಿತು, ನಾಕ್ಸೋಸ್‌ಗೂ ಹಬ್ಬಿತು. ಮರುವರ್ಷ ಕಾನೂನು ಬಿಗಿಯಾಯಿತು: ಮಂಚಗಳು ನೀರಿನಂಚಿನಿಂದ 4 ಮೀಟರ್ ದೂರ ಇರಬೇಕು. ದೂರು ಕೊಡಲು ಸರ್ಕಾರವೇ 'ಮೈಕೋಸ್ಟ್' ಎಂಬ ಆ್ಯಪ್ ಮಾಡಿತು. ಮಕ್ಕಳು ಮರಳಿನಲ್ಲಿ ಓಡಲು ಜಾಗ ಉಳಿದಿದ್ದರೆ ಅದು ಆ ಜನರ ಉಪಕಾರ. ಮಲ್ಪೆ, ಮರವಂತೆ, ಓಂ ಬೀಚುಗಳನ್ನು ನೆನೆದಾಗಲೆಲ್ಲ ನನಗೆ ಪಾರೋಸ್‌ನವರು ನೆನಪಾಗುತ್ತಾರೆ.

ನಾಕ್ಸೋಸ್ ಹತ್ತಿರವಾದಂತೆ ಎಡಗಡೆ ಪುಟ್ಟ ಗುಡ್ಡದ ಮೇಲೆ ಒಂಟಿ ಬಾಗಿಲು ಕಂಡಿತು. ಗೋಡೆಯಿಲ್ಲ, ಮಾಡಿಲ್ಲ, ಬರೀ ಅಮೃತಶಿಲೆಯ ಚೌಕಟ್ಟು, ಅದರೊಳಗೆ ಆಕಾಶ. ಅಮ್ಮ ಕಂಬಿ ಹಿಡಿದು ಎದ್ದು ನಿಂತು, ಹಡಗು ಬಂದರು ಸೇರುವವರೆಗೂ ಅದನ್ನೇ ನೋಡಿದಳು.

ನಾವು ಹಿಡಿದದ್ದು ಕಡಲಿಗೆ ಎರಡು ಬೀದಿ ಹಿಂದಿನ, ಎರಡು ಕೋಣೆಯ ಮನೆ. ಬಾಗಿಲ ಬಳಿ ಕುಂಡದಲ್ಲಿ ಗುಂಡಗೆ ಬೆಳೆದ ಗಿಡ. ಅಮ್ಮ ಎಲೆ ಸವರಿ ಮೂಸಿ, "ಕಾಮಕಸ್ತೂರಿ!" ಎಂದಳು. ಹೌದು, ವಾಸಿಲಿಕೋಸ್. ಗ್ರೀಕರು ಅದನ್ನು ಅಡುಗೆಗಿಂತ ಹೆಚ್ಚಾಗಿ ಮನೆ ಬಾಗಿಲಲ್ಲಿ ಮತ್ತು ಚರ್ಚಿನಲ್ಲಿ ಇಡುತ್ತಾರೆ. ಮನೆಯೊಡತಿ ಒಂದು ಕುಡಿ ಚಿವುಟಿ ಅಮ್ಮನ ಕೈಗೆ ಕೊಟ್ಟರು. ತುಳಸಿಯ ದಾಯಾದಿ ಗಿಡ ಇದ್ದ ಮನೆಯೆಂದು ಅಮ್ಮನಿಗೆ ಆಗಲೇ ಅರ್ಧ ಸಮಾಧಾನವಾಗಿತ್ತು.

ಸಂಜೆ ಕೊಲ್ಲಿಗೆ ಹೋದೆವು. ನೀರು ತಿಳಿಹಸಿರು, ಅಂಚಿನಲ್ಲಿ ಬೆರಳಗಲದ ಕಿರುತೆರೆ. ಅಮ್ಮ ಬಹಳ ಹೊತ್ತು ನಿಂತು ನೋಡಿದಳು. "ಇದ್ ಕಡ್ಲಾ, ಕೆರಿಯಾ?" ಆಮೇಲೆ ಕರಾವಳಿಯವರು ಕೇಳಲೇಬೇಕಾದ ಪ್ರಶ್ನೆ: ಭರತ ಎಷ್ಟು ಹೊತ್ತಿಗೆ? ಇಲ್ಲಿ ಭರತ-ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಮೆಡಿಟರೇನಿಯನ್ ಹೆಚ್ಚುಕಡಿಮೆ ಮುಚ್ಚಿದ ಕಡಲು, ಜಿಬ್ರಾಲ್ಟರ್‌ನ ಸಣ್ಣ ಬಾಯಿಯಿಂದ ಮಹಾಸಾಗರದ ಭರತ ಒಳಗೆ ಬರುವುದು ಸ್ವಲ್ಪವೇ ಎಂದು ಹೇಳಿದೆ. ಅವಳು ನಂಬಲಿಲ್ಲ. ಒಣ ಮರಳಿನಂಚಿನಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ ಬಂದಳು.

ಮೂರನೆಯ ದಿನ: ಗಾಳಿ

ಬೆಳಿಗ್ಗೆ ಕಿಟಕಿಯ ಬಾಗಿಲುಗಳು ಬಡಿದುಕೊಳ್ಳುವ ಸದ್ದಿಗೇ ಎಚ್ಚರ. ಅಂಗಡಿಯಲ್ಲಿ ಹಾಲು ಕೊಡುವವರೂ "ಎಫ್ತಾ ಬೋಫೋರ್" ಎಂದರು. ಏಳು ಬೋಫರ್ಟ್ ಅಂದರೆ ಗಂಟೆಗೆ 50 ರಿಂದ 61 ಕಿಲೋಮೀಟರ್. ಇಲ್ಲಿ ಹವೆಯ ಮಾತೆಲ್ಲ ಈ ಅಂಕಿಯಲ್ಲೇ. ಎಂಟು ಎಂದರೆ ಹಡಗುಗಳ ಕತೆ ಕಷ್ಟ. ಪಕ್ಕದ ಸಣ್ಣ ದ್ವೀಪಗಳಿಗೆ ಹೋಗಿಬರಲು ಕಾದಿರಿಸಿದ್ದ ದೋಣಿ ರದ್ದಾಯಿತು.

ಆಗ ನಾನು ಒಂದು ತಪ್ಪು ಮಾಡಿದೆ. ದಿನ ಹಾಳಾಗಬಾರದೆಂದು ಬಸ್ಸು ಹತ್ತಿಸಿ ಎಲ್ಲರನ್ನೂ ಪ್ಲಾಕಾಕ್ಕೆ ಕರೆದೊಯ್ದೆ. ಸುಮಾರು 4 ಕಿಲೋಮೀಟರ್ ಉದ್ದದ ತೆರೆದ ಮರಳು, ಚಿತ್ರಗಳಲ್ಲಿ ಸ್ವರ್ಗ. ಇಳಿದ ಹತ್ತೇ ನಿಮಿಷದಲ್ಲಿ ಮರಳು ಸೂಜಿಯಂತೆ ಕಾಲಿಗೆ ಚುಚ್ಚತೊಡಗಿತು. ನಮ್ಮ ಕೊಡೆ ಮಗುಚಿ ಉರುಳಿತು, ನನ್ನ ಗಂಡ ಅದರ ಹಿಂದೆ ಓಡಿದರು. ಪುಟ್ಟ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದ. ಅಮ್ಮ ಸೆರಗಿನೊಳಗೆ ಅವನನ್ನು ಸುತ್ತಿ, ಗಾಳಿಗೆ ತನ್ನ ಬೆನ್ನು ಕೊಟ್ಟು ಕೂತಳು. ಅವನಿಗೆ ಮರಳೆಂದರೇ ಭಯ ಹತ್ತಿಬಿಡುತ್ತದೇನೋ ಎಂದು ನನಗೆ ನಿಜವಾಗಿಯೂ ಅಳು ಬಂತು.

ಮುಂದಿನ ಬಸ್ಸಿಗೇ ಮರಳಿದೆವು. ಹೋರಾದಲ್ಲಿ ಇಳಿದು, ಮನೆಗೆ ಹೋಗುವ ಮೊದಲು ಒಮ್ಮೆ ನೋಡೋಣವೆಂದು ಯೋರ್ಗಿಯೋಸ್‌ಗೆ ತಿರುಗಿದೆವು. ಅದೇ ಗಾಳಿ, ಅದೇ ಗಂಟೆ. ಆಚೆ ತುದಿಯಲ್ಲಿ ವಿಂಡ್‌ಸರ್ಫಿಂಗ್‌ನ ಹಾಯಿಗಳು ಬಾಣದಂತೆ ಹೋಗುತ್ತಿದ್ದವು, ಕೊಲ್ಲಿಯ ಹೊರಗೆ ನೀರೆಲ್ಲ ಬಿಳಿನೊರೆ. ಆದರೆ ಊರಿನ ಮರೆಯ ಈ ಮೂಲೆಯಲ್ಲಿ ತಲೆಯ ಮೇಲೆ ಗಾಳಿ ಹಾಯುತ್ತಿತ್ತು, ಕಾಲ ಬಳಿ ನೀರು ಬರೀ ನಡುಗುತ್ತಿತ್ತು. ಮಕ್ಕಳು ಬಕೆಟ್ ಹಿಡಿದು ಕೂತಿದ್ದರು. ಪುಟ್ಟ ಅಮ್ಮನ ಸೆರಗಿನಿಂದ ಮುಖ ಹೊರಹಾಕಿ ನೋಡಿದ, ಆಮೇಲೆ ತಾನಾಗಿಯೇ ಕೆಳಗಿಳಿದ.

ಅಮ್ಮ ತನ್ನ ಕಲ್ಲು ಹುಡುಕಿದಳು. ನಿನ್ನೆ ಇಟ್ಟಲ್ಲೇ ಇತ್ತು, ನೀರು ಅದರ ಹತ್ತಿರ ಬಂದಿರಲಿಲ್ಲ.

ನಾಲ್ಕನೆಯ ದಿನ

ಮೆಲ್ಟೆಮಿಗೆ ಒಂದು ನಡವಳಿಕೆಯಿದೆ. ಬಹಳಷ್ಟು ದಿನ ಬೆಳಿಗ್ಗೆ ತಗ್ಗಿರುತ್ತದೆ, ಮಧ್ಯಾಹ್ನ ಏರುತ್ತದೆ. ಹಾಗಾಗಿ ಎಂಟಕ್ಕೆಲ್ಲ ಕೊಲ್ಲಿಯಲ್ಲಿದ್ದೆವು. ಬಾಡಿಗೆ ಮಂಚಗಳಿಲ್ಲದ ಕಡೆ ನಮ್ಮದೇ ಕೊಡೆ ನೆಟ್ಟೆವು. ಮರಳಿನ ಮೇಲೆ ಅಲ್ಲಲ್ಲಿ ಕಂದು ಪಟ್ಟಿಯಂಥ ಒಣ ಎಲೆಗಳು. ಅದು ಕಸವಲ್ಲ, ಪೊಸಿಡೋನಿಯಾ ಎಂಬ ಕಡಲಹುಲ್ಲು. ನೀರಡಿಯಲ್ಲಿ ಅದರ ಹುಲ್ಲುಗಾವಲು ತೆರೆಯ ರಭಸವನ್ನು ತಗ್ಗಿಸುತ್ತದೆ, ದಡಕ್ಕೆ ಬಂದ ಎಲೆಯ ರಾಶಿ ಮರಳು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಕಡಲ್ಕೊರೆತಕ್ಕೆ ಕಲ್ಲಿನ ಗೋಡೆ ಕಟ್ಟುವುದನ್ನೇ ನೋಡಿದ ಅಮ್ಮ ಆ ಎಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಮಗಳು ನಡೆದಳು, ನಡೆದಳು, ನಡೆಯುತ್ತಲೇ ಹೋದಳು. ಅಷ್ಟು ದೂರ ಹೋಗಿ ತಿರುಗಿ ನಿಂತರೂ ನೀರು ಸೊಂಟದ ಮಟ್ಟ. "ಅಜ್ಜಿ, ಬಾ!" ಎಂದು ಕೂಗಿದಳು. ಅಮ್ಮ ಸೀರೆ ಬಿಟ್ಟು ಚೂಡಿದಾರ ಹಾಕಿದ್ದಳು. ಪಾದ ಮುಳುಗಿತು. ಕಣಕಾಲು ಮುಳುಗಿತು. ಮೊಣಕಾಲಿಗೆ ಬಂದಾಗ ನಿಂತಳು, ಜೀವಮಾನದ ಗಡಿ ಅಲ್ಲೇ ಇತ್ತು. ನಾನು ಪಕ್ಕದಲ್ಲಿ ನಿಂತೆ, ಏನೂ ಹೇಳಲಿಲ್ಲ. ಕಾಲಡಿಯ ಮರಳು ಎಳೆದುಕೊಂಡು ಹೋಗುತ್ತದೆಯೇ ಎಂದು ಅವಳು ಕಾಯುತ್ತಿದ್ದಳು. ನಮ್ಮ ಕಡಲಿನಲ್ಲಿ ತೆರೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳನ್ನು ಕಿತ್ತುಕೊಂಡು ಹೋಗುತ್ತದಲ್ಲ, ಅದೇ ಸೆಳೆತ. ಇಲ್ಲಿ ಮರಳು ಅಲುಗಲಿಲ್ಲ.

"ಎಳಿತಿಲ್ಲೆ" ಎಂದಳು ಕೊನೆಗೆ. ಇನ್ನೆರಡು ಹೆಜ್ಜೆ ಇಟ್ಟಳು. ಆಮೇಲೆ ನನ್ನ ಭುಜ ಹಿಡಿದು ಮೆಲ್ಲಗೆ ನೀರಿನಲ್ಲಿ ಕೂತುಬಿಟ್ಟಳು, ಕೊರಳವರೆಗೆ. ಮಂಡಿಯ ಭಾರವೆಲ್ಲ ನೀರು ಹೊತ್ತುಕೊಂಡಿತು. ಒಂದು ಗಂಟೆ ಎದ್ದಿಲ್ಲ. ಮುಖ ಮಾತ್ರ ಕಡಲ ಕಡೆಗೇ.

ಅವತ್ತಿನ ಊಟದ ಮಾತೂ ಬರೆಯಬೇಕು. ನಮ್ಮದು ಸಸ್ಯಾಹಾರಿಗಳ ಮನೆ, ಆ ಚಿಂತೆ ಅಮ್ಮನಿಗೆ ಮೊದಲಿನಿಂದ ಇತ್ತು. ಫಾವಾ ಬಂತು, ಹಳದಿ ಬೇಳೆಯನ್ನು ಬೇಯಿಸಿ ಮಸೆದು ಮೇಲೆ ಆಲಿವ್ ಎಣ್ಣೆ, ಈರುಳ್ಳಿ, ನಿಂಬೆ. ಒಗ್ಗರಣೆಯಿಲ್ಲದ ತೊವ್ವೆ ಎಂದು ಅಮ್ಮ ಎರಡು ಸಲ ಹಾಕಿಸಿಕೊಂಡಳು. ಅನ್ನ ತುಂಬಿದ ಟೊಮೆಟೊ ಗೆಮಿಸ್ತಾ, ಬೇಯಿಸಿದ ಸೊಪ್ಪು ಹೋರ್ತಾ, ದೊಡ್ಡ ಬಿಳಿ ಅವರೆಯಂಥ ಗಿಗಾಂತೆಸ್. ನಾಕ್ಸೋಸ್‌ನ ಆಲೂಗಡ್ಡೆ ಗ್ರೀಸ್‌ನಲ್ಲೆಲ್ಲ ಹೆಸರಾದದ್ದು, ಮಕ್ಕಳು ಅದರಲ್ಲೇ ಹೊಟ್ಟೆ ತುಂಬಿಸಿಕೊಂಡರು. ಒಂದು ಎಚ್ಚರಿಕೆ: 'ನಿಸ್ತೀಸಿಮೊ' ಅಂದರೆ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅದರಲ್ಲಿ ನಡೆಯುತ್ತವೆ. ಬಿಡಿಸಿ ಕೇಳಿ.

ಐದನೆಯ ದಿನ

ಮಕ್ಕಳ ಸೀಟಿರುವ ಕಾರು ಹಿಡಿದು ಒಳನಾಡಿಗೆ. ಸಂಗ್ರಿಯ ಬಳಿ ಹೊಲಗಳ ನಡುವೆ ಡಿಮೀಟರ್ ದೇವಿಯ ಗುಡಿ, ಕ್ರಿ.ಪೂ. 530ರ ಸುಮಾರಿನದು, ಬಿದ್ದ ಕಲ್ಲುಗಳನ್ನು ಕೂಡಿಸಿ ಒಂದಷ್ಟು ಮತ್ತೆ ನಿಲ್ಲಿಸಿದ್ದಾರೆ. ಧಾನ್ಯದ ದೇವತೆ ಎಂದಾಗ ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು. ಹಾಲ್ಕಿ ಊರಿನಲ್ಲಿ 1896ರಿಂದ ನಡೆಯುತ್ತಿರುವ ವಲ್ಲಿಂದ್ರಾಸ್ ಭಟ್ಟಿಯಿದೆ, ಕಿತ್ರೋನ್ ಎಂಬ ಮದ್ಯ ಅಲ್ಲಿಯದು. ಅದನ್ನು ಹಣ್ಣಿನಿಂದಲ್ಲ, ಎಲೆಯಿಂದ ಇಳಿಸುತ್ತಾರೆ. ಗಿಡ ನೋಡಿ ಅಮ್ಮ ಗುರುತು ಹಿಡಿದಳು, ಮಾದಲ. ಅದರ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಹಾಕಿದ್ದನ್ನು ಚಮಚದಲ್ಲಿ ಕೊಟ್ಟರು. ಹಿಂದಿರುಗುವಾಗ ಪುಟ್ಟನಿಗೆ ವಾಂತಿ, ಬೆಟ್ಟದ ತಿರುವುಗಳು. ಇಷ್ಟು ಸಣ್ಣವರಿದ್ದರೆ ಹಾಲ್ಕಿಯಿಂದಾಚೆ ಹೋಗದಿರುವುದೇ ಒಳ್ಳೆಯದು.

ಆರನೆಯ ದಿನ: ಬಾಗಿಲು

ಹಡಗಿನಿಂದ ಕಂಡ ಆ ಒಂಟಿ ಬಾಗಿಲಿನ ಹೆಸರು ಪೋರ್ತಾರಾ. ಸೂರ್ಯಾಸ್ತಕ್ಕೆ ಅದರ ಬಳಿ ನಿಲ್ಲಲು ಜಾಗವಿರುವುದಿಲ್ಲ. ಹಾಗಾಗಿ ನಸುಕಿಗೇ ಎಬ್ಬಿಸಿದೆ. ಬಂದರಿನ ತುದಿಯಿಂದ ಕಿರಿದಾದ ಕಲ್ಲುದಾರಿ ಪಲಾತಿಯಾ ಎಂಬ ಆ ಗುಡ್ಡಕ್ಕೆ ಸೇರಿಸುತ್ತದೆ. ಎರಡೂ ಬದಿಗೆ ಕಡಲು. ಅಮ್ಮ ನನ್ನ ಕೈ ಬಿಡಲಿಲ್ಲ.

ಕ್ರಿ.ಪೂ. 530ರ ಸುಮಾರಿಗೆ ಲಿಗ್ದಾಮಿಸ್ ಎಂಬ ಸರ್ವಾಧಿಕಾರಿ ಅಪೊಲೊ ದೇವರಿಗೆ ದೊಡ್ಡ ಗುಡಿ ಕಟ್ಟಿಸಲು ಹೊರಟ. ಅವನ ಆಳ್ವಿಕೆ ಉರುಳಿತು, ಗುಡಿ ಮುಗಿಯಲಿಲ್ಲ. 1207ರಲ್ಲಿ ಬಂದ ವೆನಿಸ್‌ನ ಮಾರ್ಕೊ ಸನುದೊ ಊರ ಮೇಲೆ ಕೋಟೆ ಕಟ್ಟಿದ, ಗುಡಿಯ ಕಲ್ಲುಗಳು ಅಲ್ಲಿಗೆ ಹೋದವು. ಆರು ಮೀಟರ್ ಎತ್ತರದ ಈ ಬಾಗಿಲು ಮಾತ್ರ ಸಾಗಿಸಲಾರದಷ್ಟು ಭಾರವಾಗಿ ಉಳಿಯಿತು. ಹತ್ತಿರ ಹೋದರೆ ಕಾಣುವುದು ಅದರ ಹೊಸ್ತಿಲು, ನೆಲದಿಂದ ಎತ್ತರಕ್ಕೆ ಎದ್ದು ನಿಂತ ದಪ್ಪ ಕಲ್ಲು. ಗುಡಿ ಹೋಗಿ, ದೇವರು ಹೋಗಿ, ಹೊಸ್ತಿಲು ಉಳಿದಿದೆ. ಅಮ್ಮ ಅದನ್ನು ಮುಟ್ಟಲಿಲ್ಲ. ದಾರದಾಚೆ ನಿಂತು, ಕಾಮಕಸ್ತೂರಿಯ ಕುಡಿಯನ್ನು ಕಣ್ಣಿಗೊತ್ತಿ ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು.

ಥೀಸಿಯಸ್ ಕ್ರೀಟ್‌ನಿಂದ ಕರೆತಂದ ಅರಿಯಾಡ್ನೆಯನ್ನು ಮಲಗಿದ್ದಾಗ ಬಿಟ್ಟು ಹೋದದ್ದು ಈ ದ್ವೀಪದಲ್ಲಿ, ಆಮೇಲೆ ಡಯೊನೈಸಸ್ ಅವಳನ್ನು ವರಿಸಿದ ಎಂದು ಮಗಳಿಗೆ ಹೇಳಿದೆ. "ಯಾಕೆ ಬಿಟ್ಟು ಹೋದ?" ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಅವಳನ್ನು ಕಲ್ಲಿನ ಮೇಲೆ ಕೂರಿಸಿಕೊಂಡಳು. ನಳ ಮಹಾರಾಜನೂ ದಮಯಂತಿಯನ್ನು ಕಾಡಿನಲ್ಲಿ ನಿದ್ದೆಯಲ್ಲೇ ಬಿಟ್ಟು ಹೋದ ಎಂದು ಶುರುಮಾಡಿ, ಊರ ಗದ್ದೆಯಲ್ಲಿ ರಾತ್ರಿಯಿಡೀ ಕೂತು ನೋಡಿದ ಯಕ್ಷಗಾನದ ಆಟದ ಕತೆಯನ್ನೆಲ್ಲ ಹೇಳಿದಳು. ಸೂರ್ಯ ಬೆಟ್ಟದ ಹಿಂದಿನಿಂದ ಎದ್ದು ಬಾಗಿಲಿನ ಕಲ್ಲು ಜೇನಿನ ಬಣ್ಣವಾಯಿತು. ಮಗಳ ಕಣ್ಣು ಅಜ್ಜಿಯ ಮುಖ ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಸಂಜೆ ಹಡಗು. ನಡುವೆ ಉಳಿದ ಹೊತ್ತಿಗೆ ಕೊನೆಯ ಸಲ ಕೊಲ್ಲಿಗೆ ಓಡಿದೆವು. ನಾನು ಟವೆಲ್ ಮಡಿಸುತ್ತ ತಲೆಯೆತ್ತಿದಾಗ ಅಮ್ಮ ಸೊಂಟಮಟ್ಟದ ನೀರಿನಲ್ಲಿ ಕೂತಿದ್ದಳು. ಪುಟ್ಟ ಅವಳ ಮತ್ತು ದಡದ ನಡುವೆ ನಿಂತು, ಬಕೆಟ್ಟಿನಿಂದ ಅಜ್ಜಿಯ ತಲೆಗೆ ನೀರು ಹುಯ್ಯುತ್ತಿದ್ದ. ಅಮ್ಮ ಅವನ ಕಡೆಗೆ, ಅಂದರೆ ದಡದ ಕಡೆಗೆ ತಿರುಗಿದ್ದಳು. ಅವಳ ಬೆನ್ನ ಹಿಂದೆ ಇಡೀ ಏಜಿಯನ್. ಫೋಟೊ ತೆಗೆಯಲು ಕೈ ಹೋಯಿತು, ತೆಗೆಯಲಿಲ್ಲ. ಹೇಳಲೂ ಇಲ್ಲ.

ಏಳನೆಯ ದಿನ

ಗಾಳಿಯಿಂದಾಗಿ ಹಡಗು ಒಂದೂವರೆ ಗಂಟೆ ತಡವಾಗಿ ಬಂದಿತ್ತು, ಪಿರೇಯಸ್ ಮುಟ್ಟುವಾಗ ನಡುರಾತ್ರಿ ದಾಟಿತ್ತು. ವಿಮಾನ ಈ ದಿನ ಮಧ್ಯಾಹ್ನಕ್ಕಿದ್ದುದರಿಂದ ಯಾರೂ ಗಾಬರಿಯಾಗಲಿಲ್ಲ. ಕಾಯುವ ಹೊತ್ತಿನಲ್ಲಿ ಅಮ್ಮ ಮರವಂತೆಗೆ ಫೋನ್ ಮಾಡಿದಳು. ಅಲ್ಲಿ ಮೂರು ದಿನದಿಂದ ಬಿಡದ ಮಳೆ, ತೆರೆ ರಸ್ತೆಬದಿಯ ಕಲ್ಲಿಗೆ ಹೊಡೆಯುತ್ತಿದೆಯಂತೆ. ಮಾವ ಕೇಳಿದ್ದಿರಬೇಕು, ಅಲ್ಲಿಯ ಕಡಲು ಹೇಗೆ ಎಂದು. ಅಮ್ಮ ಸ್ವಲ್ಪ ಸುಮ್ಮನಿದ್ದು, "ಗಾಳಿ ನಮ್ದೇ. ನೀರ್ ಮಾತ್ರ ಬೇರೆ" ಎಂದಳು.